ಏಳನೇ ಗುಳಿ

ಅರಸೀಕೆರೆ ರೈಲ್ವೆ ಕ್ವಾರ್ಟರ್ಸು, ಮಧ್ಯಾಹ್ನ ಮೂರು.
ನೈಟ್ ಡ್ಯೂಟಿಯ ನಿದ್ದೆ ಮುಗಿಸಿ
ಮಗಳ ಹಳೇ ಡೆಸ್ಕಿನ ಮುಂದೆ ಕೂತಿದ್ದೇನೆ.
ಬಿಳಿ ಪಂಚೆಯ ಒಂದಂಚು ಡೆಸ್ಕಿಗೆ, ಗುಂಡುಪಿನ್ನು ಚುಚ್ಚಿ;
ಇನ್ನೊಂದು ನನ್ನ ಸೊಂಟಕ್ಕೆ.
ಬಿದ್ದದ್ದು ಮಡಿಲಿಗೇ ಬೀಳಲಿ ಎಂದು.

ಈ ಉಪಾಯ ವಾಚ್ ರಿಪೇರಿ ಗಫಾರ್ ಸಾಬರದು.
"ಸಣ್ಣ ಸಾಮಾನಿಗೆ ಕೈಗಿಂತ ಮಡಿಲು ಮುಖ್ಯ" ಅಂದಿದ್ದರು,
ಒಂದು ಕಣ್ಣಿಗೆ ಗಾಜು ಕಚ್ಚಿಸಿಕೊಂಡು
ಇನ್ನೊಂದರಲ್ಲಿ ನನ್ನ ಬೆರಳು ನೋಡಿ ನಗುತ್ತಾ.

ಬೆರಳೇನು, ಬಾಳೆಕಾಯಿ.
ರಾತ್ರಿ ಯಾರ್ಡಿನಲ್ಲಿ ಎರಡು ಬೋಗಿಗಳ ನಡುವೆ ಬಗ್ಗಿ
ಕಪ್ಲಿಂಗಿನ ಕಬ್ಬಿಣ ಎತ್ತಿ ಕೊಕ್ಕೆಗೆ ಹಾಕುವ ಬೆರಳು.
ಹಗಲು ಅದೇ ಕೊಕ್ಕೆ ಚಿಮುಟದ ತುದಿಯಲ್ಲಿ,
ಅಕ್ಕಿ ನುಚ್ಚಿನಷ್ಟು.
ಉಸಿರು ಬಿಟ್ಟರೆ ಹಾರುತ್ತೆ.
ಅದಕ್ಕೇ ಫ್ಯಾನು ಆಫ್.
ಅದಕ್ಕೇ ಇಂದ್ರಾಣಿಯ ಬೈಗುಳ ಆನ್.

ಹಾಸನದ ಗುಜರಿಯಲ್ಲಿ ನೂರೆಂಬತ್ತಕ್ಕೆ ಸಿಕ್ಕ ಎಂಜಿನ್ನು.
ಚಕ್ರ ಆರು, ತಿರುಗುವುದು ನಾಲ್ಕು.
ಬಿಚ್ಚಿದ್ದನ್ನು ಬಿಚ್ಚಿದ ಸಾಲಿನಲ್ಲೇ ಇಡಬೇಕಲ್ಲ,
ಅಡುಗೆಮನೆಯಿಂದ ಇಡ್ಲಿ ತಟ್ಟೆ ಬಂತು,
ಏಳು ಗುಳಿಯದು, ಹೇಳದೆ ಕೇಳದೆ.
ಮೊದಲ ಗುಳಿಗೆ ಮೇಲ್ಮುಚ್ಚಳದ ಸ್ಕ್ರೂ,
ಎರಡಕ್ಕೆ ಮೋಟರಿನ ಕಾರ್ಬನ್ ಕಡ್ಡಿ,
ಮೂರಕ್ಕೆ ಹಲ್ಲುಗಾಲಿ, ಒಂದು ಹಲ್ಲು ಮುರಿದದ್ದು, ನನ್ನ ಹಾಗೇ.
ನಾಲ್ಕಕ್ಕೆ ಹೋಗಬೇಕಾದದ್ದು
ಕಪ್ಲಿಂಗಿನ ಸ್ಪ್ರಿಂಗು. ಅರ್ಧ ಸಾಸಿವೆ.

ಟಿಣ್.

ಅಷ್ಟೇ. ಶಬ್ದವೂ ಪೂರ್ತಿ ಆಗಲಿಲ್ಲ.

ಮಡಿಲಲ್ಲಿಲ್ಲ. ಚಾಪೆಯಲ್ಲಿಲ್ಲ.
ಅಯಸ್ಕಾಂತಕ್ಕೆ ಪ್ಲಾಸ್ಟಿಕ್ ಕವರು ಸುತ್ತಿ
ನೆಲವೆಲ್ಲ ತೇಲಿಸಿದೆ: ಎರಡು ಪಿನ್ನು, ಒಂದು ಮುರಿದ ಸೂಜಿ.
ಆಮೇಲೆ ಕಿಟಕಿ ಮುಚ್ಚಿ ಟಾರ್ಚನ್ನು ನೆಲಕ್ಕೆ ಮಲಗಿಸಿ
ನಾನೂ ಕೆನ್ನೆ ಊರಿ ಮಲಗಿದೆ.

ಅಬ್ಬಾ, ಆ ನೆಲ!
ಒಂದೊಂದು ಸಕ್ಕರೆ ಕಾಳಿಗೂ ಗೇಣುದ್ದ ನೆರಳು,
ಜೀರಿಗೆಗೆ ಸಿಗ್ನಲ್ ಕಂಬದ ನೆರಳು,
ಸತ್ತ ಇರುವೆಯೊಂದು ಆನೆ.
ಹದಿನೈದು ವರ್ಷ ತುಳಿದಿದ್ದೇನೆ ಈ ಊರನ್ನ,
ನೋಡಿಯೇ ಇರಲಿಲ್ಲ.

ಬೀರುವಿನ ಕಾಲ ಹಿಂದೆ ಏನೋ ಮಿನುಗಿತು.
ಚಿಮುಟ ಚಾಚಿದೆ. ಸ್ಪ್ರಿಂಗಲ್ಲ,
ಇಂದ್ರಾಣಿಯ ಓಲೆಯ ತಿರುಪು.
ಹೋದ ವರ್ಷ ಕಸದ ಬುಟ್ಟಿಯನ್ನೂ ಜಾಲಾಡಿ ಕೈಬಿಟ್ಟದ್ದು.
ಅಂಗೈಯಲ್ಲಿಟ್ಟು ಊದಿದಳು, ಬೆಳಕಿಗೆ ಹಿಡಿದಳು.
"ಓಲೆ ಬ್ಯಾಂಕಲ್ಲಿದೆ. ತಿರುಪಿಲ್ಲದೆ ತೂಗಿ ಇಟ್ಕೊಂಡ್ರಲ್ಲ.
ಈಗ ಬಂದಿದೆ ಇದು."
ಸೆರಗಿನ ತುದಿಗೆ ಗಂಟು ಹಾಕಿಕೊಂಡು ಒಳಗೆ ಹೋದಳು.

ರಾತ್ರಿ ಹನ್ನೊಂದೂವರೆ.
ಮಂಡಿಯ ಕಡೆಯಿಂದ ಕೊಬ್ಬರಿಯ ಕಮಟು ಗಾಳಿ.
ಸೆಲ್ವಕುಮಾರ ಲ್ಯಾಂಪು ಹಿಡಿದಿದ್ದ.
ಬಫರುಗಳ ನಡುವೆ ನುಸುಳಿ, ಕೊಂಡಿ ಎತ್ತಿ ಹಾಕಿ,
ತಿರುಪು ಬಿಗಿಯುತ್ತಿದ್ದೆ. ಇಲ್ಲೂ ತಿರುಪೇ, ಮೊಳದುದ್ದದ್ದು.
ಬೆಳಕು ತೋಳಿನ ಮೇಲೆ ಬಿತ್ತು.
ಮಡಿಚಿದ ಖಾಕಿ ತೋಳಿನ ಮಡಿಕೆಯಲ್ಲಿ
ಮಿಣ್.

ಡೆಸ್ಕಿನ ಹಿಂದೆ ಮೊಳೆಗೆ ನೇತುಬಿದ್ದ ಯೂನಿಫಾರ್ಮನ್ನು
ಯಾರು ಹುಡುಕುತ್ತಾರೆ?

"ಅಲ್ಲಾಡಬೇಡ ಮಾರಾಯ" ಅಂದೆ.
ಹಾವು ಅಂದುಕೊಂಡು ಸೆಲ್ವಕುಮಾರ ಕಂಬವಾದ.
ಜೇಬಿನಿಂದ ಎಲೆಯಡಿಕೆಯ ಸುಣ್ಣದ ಡಬ್ಬಿ ತೆಗೆದು
ಕಿರುಬೆರಳಿಗೆ ಸುಣ್ಣ ಹಚ್ಚಿ, ಮೆಲ್ಲಗೆ ಒತ್ತಿ, ಎತ್ತಿ,
ಸುಣ್ಣದೊಳಗೇ ಅದನ್ನು ಕೂರಿಸಿ ಮುಚ್ಚಳ ಹಾಕಿದೆ.
ವಾಕಿಟಾಕಿಯಲ್ಲಿ ಗಾರ್ಡು: "ಏನ್ರೀ, ಇನ್ನೂ ಆಗ್ಲಿಲ್ವಾ?"
"ಆಯ್ತು ಸಾರ್. ಕಪ್ಲಿಂಗ್ ಓಕೆ."
ಯಾವುದು ಅಂತ ಅವರು ಕೇಳಲಿಲ್ಲ.

ಬೆಳಗ್ಗೆ ಸುಣ್ಣ ತೊಳೆದು
ನಾಲ್ಕನೇ ಗುಳಿಗೆ ಇಳಿಸಲು ಹೋದರೆ
ಖಾಲಿ ಇದ್ದ ಏಳನೆಯದರಲ್ಲಿ
ಓಲೆಯ ತಿರುಪು.
ಮತ್ತೆ ಜೋಡಿಸುವ ಸಾಮಾನುಗಳ ಸಾಲಿನಲ್ಲೇ
ಇಟ್ಟಿದ್ದಾಳೆ.

ಒಳಗೆ ಒಗ್ಗರಣೆ ಸಿಡಿಯಿತು.
ತಟ್ಟೆ ಇಲ್ಲಿರುವಾಗ ಇನ್ನೇನು,
ಇವತ್ತೂ ಉಪ್ಪಿಟ್ಟೇ.